ನೆಗ್ಗಿಲ್ಲದ ಜೀಪು

ಜೀಪು ಮಾರಲು ಯಾರೂ ಹೊರಟಿರಲಿಲ್ಲ. ಮಗ ಜೀಪಿಗೆ ಹೆದರಿದ್ದ. ನಡೆದದ್ದು ಇಷ್ಟೇ. ಇಷ್ಟನ್ನು ತಿಳಿಯಲು ನನಗೆ ಹನ್ನೆರಡು ದಿನ ಬೇಕಾಯಿತು. ಆ ಹನ್ನೆರಡು ದಿನವೂ ಮನೆಯಲ್ಲಿ ಯಾರನ್ನೂ ನಂಬಲಿಲ್ಲ. ಅದಕ್ಕೆ ನಾಚಿಕೆಯೇನೂ ಇಲ್ಲ. ನಂಬಿ ಕೆಟ್ಟವರನ್ನು ಕಂಡಿದ್ದೇನೆ, ಅನುಮಾನಪಟ್ಟು ಕೆಟ್ಟವರನ್ನು ಅಷ್ಟಾಗಿ ಕಂಡಿಲ್ಲ.

ನಮ್ಮ ಮನೆ ಮಾದಾಪುರದಿಂದ ಮೇಲೆ, ಗುಡ್ಡದ ನೆತ್ತಿಯಲ್ಲಿದೆ. ಟಾರು ರಸ್ತೆ ಕೆಳಗೇ ನಿಂತುಬಿಡುತ್ತದೆ. ಅಲ್ಲಿಂದ ಮೇಲೆ ಬರೀ ಕಲ್ಲಿನ ಏರು. ಆಟೋದವರು ಆ ಏರನ್ನು ನೋಡಿಯೇ ಗಾಡಿ ತಿರುಗಿಸುತ್ತಾರೆ. ಹತ್ತುವುದು ನಮ್ಮ ಜೀಪು ಒಂದೇ. ನನ್ನ ಗಂಡ ಅದನ್ನು ತಂದಾಗಲೇ ಅದು ಇನ್ನೊಬ್ಬರು ಓಡಿಸಿ ಬಿಟ್ಟ ಗಾಡಿ. ನಾನು ಕುಳ್ಳಿ. ಹತ್ತಲು ಕಷ್ಟವೆಂದು ಅವರು ಹಳೆಯ ಹಾರೆಯ ತುಂಡನ್ನು ಬೆಸುಗೆ ಹಾಕಿಸಿ ಎಡಬಾಗಿಲ ಕೆಳಗೆ ಒಂದು ಮೆಟ್ಟಿಲು ಮಾಡಿಸಿದರು. ಅವರು ಹೋಗಿ ಒಂಬತ್ತು ವರ್ಷವಾಯಿತು. ಮೆಟ್ಟಿಲು ಇದೆ.

ಏರಿನ ನಡುವೆ ಒಂದು ತಿರುವಿದೆ. ಒಂದು ಕಡೆ ಎತ್ತರದ ಮಣ್ಣಿನ ಬರೆ, ಇನ್ನೊಂದು ಕಡೆ ಕೆಳಗಿನ ಗದ್ದೆಯ ತನಕ ಇಳಿಜಾರು. ಆ ತಿರುವು ಬಂದರೆ ಜೀಪಿನಲ್ಲಿ ಇದ್ದವರೆಲ್ಲ ಇಳಿದು, ನಡೆದು ತಿರುವು ದಾಟಿ, ಮತ್ತೆ ಹತ್ತುವುದು ರೂಢಿ. ಏರುವಾಗಲೂ ಸರಿ, ಇಳಿಯುವಾಗಲೂ ಸರಿ. ಡ್ರೈವರ್ ಒಬ್ಬನೇ ದಾಟಿಸಬೇಕು. ಯಾರೂ ಯಾರಿಗೂ ಹೇಳಬೇಕಿಲ್ಲ. ಕೊಯ್ಲಿನ ಹೆಂಗಸರು ಇಳಿಯುತ್ತಾರೆ, ಸೊಸೆ ಇಳಿಯುತ್ತಾಳೆ, ರೇಷ್ಮೆ ಸೀರೆ ಉಟ್ಟು ಬಂದ ಬೀಗಿತ್ತಿಯೂ ಸೆರಗು ಸಿಕ್ಕಿಸಿಕೊಂಡು ಇಳಿದಿದ್ದಾಳೆ. ಗಂಡ ಓಡಿಸುತ್ತಿದ್ದಾಗಲೂ ನಾನು ಒಂದು ದಿನವೂ ಕೂತೇ ದಾಟಿದವಳಲ್ಲ. ಓಡಿಸುವವನ ಮೇಲೆ ನಂಬಿಕೆ ಇಲ್ಲವೆಂದೇ ಇಳಿಯುವುದು. ಅದರಲ್ಲಿ ಮುಚ್ಚುಮರೆ ಏನು?

ಈ ಸಲದ ಕೊಯ್ಲು ಶುರುವಾದ ಮೊದಲ ವಾರವೇ ಜೀಪು ಆ ತಿರುವಿನಲ್ಲಿ ಜಾರಿತು. ಮಗ ಕೆಳಗಿನ ತೋಟದಿಂದ ಕಾಫಿ ಹಣ್ಣಿನ ಮೂಟೆ ತುಂಬಿಕೊಂಡು ಬರುತ್ತಿದ್ದ. ಮೂಟೆಗಳ ಮೇಲೆ ಕೂತಿದ್ದ ಇಬ್ಬರು ಹೆಂಗಸರು ರೂಢಿಯಂತೆ ಇಳಿದರು. ಅವರು ಹತ್ತು ಹೆಜ್ಜೆ ಹಾಕಿರಲಿಲ್ಲ, ಜೀಪು ಹಿಂದಕ್ಕೆ ಉರುಳಿ ಅಂಚು ದಾಟಿತು. ಅಲ್ಲಿ ಕಾಫಿಯ ನೆರಳಿಗೆಂದು ಬೆಳೆಸಿದ ಒಂದು ಸಿಲ್ವರ್ ಮರ ಇರದಿದ್ದರೆ ಮಗನನ್ನು ಗದ್ದೆಯಲ್ಲಿ ಹೆಕ್ಕಬೇಕಾಗುತ್ತಿತ್ತು. ಜೀಪಿನ ಎಡಮಗ್ಗುಲು ಮರಕ್ಕೆ ಬಡಿದು ನೆಗ್ಗಿ ನಿಂತಿತು. ಮಗನಿಗೆ ಹೆಗಲ ಮೂಳೆ ಬಿರುಕು ಬಿಟ್ಟಿತು.

ಮಡಿಕೇರಿಯ ಡಾಕ್ಟರು ಐದು ವಾರ ಕಟ್ಟು ಹಾಕಿದರು. ಬಿಚ್ಚಿದ ದಿನ, ಇನ್ನು ಗಾಡಿ ಓಡಿಸಬಹುದು ಎಂದರು. ನಾನೂ ಅಲ್ಲೇ ಇದ್ದೆ, ನನ್ನ ಕಿವಿಯಲ್ಲೇ ಕೇಳಿದೆ. ಜೀಪನ್ನೂ ಅಷ್ಟರಲ್ಲಿ ಎಳೆಸಿ, ರಿಪೇರಿ ಮಾಡಿಸಿ, ಪಕ್ಕದ ತೋಟದವರ ಡ್ರೈವರು ಮೇಲೆ ತಂದು ಶೆಡ್ಡಿನಲ್ಲಿ ನಿಲ್ಲಿಸಿದ್ದ. ನೆಗ್ಗು ಮಾತ್ರ ಹಾಗೇ ಇತ್ತು. ಆದರೂ ಮಗ ಜೀಪು ಮುಟ್ಟಲಿಲ್ಲ. "ಕೈ ಎತ್ತಿದ್ರೆ ನೋಯ್ತದೆ ಅವ್ವ" ಎನ್ನುತ್ತಿದ್ದ. ಅದೇ ಕೈಯಲ್ಲಿ ಅಟ್ಟದ ಮೇಲಿನ ಹಂಡೆ ಇಳಿಸಿದ್ದನ್ನು ನಾನು ನೋಡಿದ್ದೆ.

ಜೀಪು ನಿಂತಿದ್ದರಿಂದ ನನ್ನ ಶನಿವಾರವೂ ನಿಂತಿತು. ನನ್ನ ತವರು ಶನಿವಾರಸಂತೆಯ ಕಡೆ. ವಾರವಾರವೂ ಅಲ್ಲಿನ ಸಂತೆಗೆ ಹೋಗುತ್ತೇನೆ, ಮಾದಾಪುರದವರೆಗೆ ಜೀಪು, ಆಮೇಲೆ ಬಸ್ಸು. ಮಾರಲು ಸೂಜಿಮೆಣಸು, ಹೇರಳೆಕಾಯಿ, ಒಂದೆರಡು ಬಾಳೆಗೊನೆ. ಸಂತೆಯಲ್ಲಿ ಬಳೆ ಮಾರುವವಳ ಪಕ್ಕ ನನಗೊಂದು ಜಾಗವಿದೆ. ಇಪ್ಪತ್ತು ವರ್ಷದಿಂದ ಅಲ್ಲಿ ಗೋಣಿ ಹಾಸಿದ್ದೇನೆ. ಯಾರೂ ಬರೆದುಕೊಟ್ಟ ಜಾಗವಲ್ಲ, ಕೂತು ಕೂತು ಆದ ಜಾಗ. ಕೂರದಿದ್ದರೆ ಹೋಗುತ್ತದೆ. ಐದು ಶನಿವಾರ ಕಳೆದ ಮೇಲೆ ಬಳೆಯವಳು ಫೋನು ಮಾಡಿದಳು.

"ಅಕ್ಕಾ, ಬರ್ತೀಯೋ ಇಲ್ವೋ? ನಿನ್ನ ಜಾಗದಲ್ಲಿ ಒಬ್ಳು ಸೊಪ್ಪಿನೋಳು ಕೂತವ್ಳೆ. ನಾನು ಎರಡು ಸಲ ಎಬ್ಬಿಸ್ದೆ. ಮೂರ್ನೇ ಸಲ ನಂಗೇ ಬಾಯಿ ಮಾಡಿದ್ಲು."

"ಇನ್ನೆರಡು ವಾರ ನೋಡ್ಕ" ಎಂದೆ.

"ನಾನೇನು ನಿನ್ನ ಗೋಣಿ ಕಾಯೋ ನಾಯಾ?" ಎಂದು ಫೋನಿಟ್ಟಳು.

ಆಗ ನನ್ನ ಕಣ್ಣು ಮನೆಯವರ ಮೇಲೆ ಬಿತ್ತು. ಓಡಬಲ್ಲ ಜೀಪು ಶೆಡ್ಡಿನಲ್ಲಿದೆ, ಓಡಿಸಬಲ್ಲ ಮಗ ಕೋಣೆಯಲ್ಲಿದ್ದಾನೆ. ಮೊಮ್ಮಗಳು ಗೋಣಿಕೊಪ್ಪಲಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಅವಳ ಕೋಣೆಯಲ್ಲಿ ಅವಳ ಕಂಪ್ಯೂಟರು ಇದೆ. ಕೊಯ್ಲಿನ ಕಾಲದಲ್ಲಿ ನಲವತ್ತೆಂಟು ವರ್ಷದ ಗಂಡಸು ಮಗಳ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಾಡುವುದಾದರೂ ಏನು? ಕೇಳಿದರೆ "ಸುಮ್ನೆ ಕೂತಿದ್ದೆ" ಎಂಬ ಉತ್ತರ. ಸುಮ್ಮನೆ ಕೂರುವವನು ಚಿಲಕ ಹಾಕುವುದಿಲ್ಲ.

ಒಂದು ಸೋಮವಾರ ನಾನು ಕಣದಲ್ಲಿ ಒಣಗಲು ಹರಡಿದ ಕಾಫಿ ಕೆದಕುತ್ತಿದ್ದೆ. ಸೊಸೆ ಶೆಡ್ಡಿಗೆ ಹೋದದ್ದು ಕಂಡಿತು. ಅವಳು ಊರ ಹೆಂಗಸರಿಗೆ ರವಿಕೆ ಹೊಲಿದುಕೊಡುತ್ತಾಳೆ. ಕೊರಳಲ್ಲಿ ಆ ಅಳತೆಯ ಟೇಪು, ಕೈಯಲ್ಲಿ ಸೀಮೆಸುಣ್ಣ. ಟೇಪನ್ನು ಜೀಪಿನ ಮೂತಿಯಿಂದ ಬೆನ್ನಿನವರೆಗೆ ಹಿಡಿದಳು. ಸಾಲದೆ ಬಂದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು, ಅಲ್ಲಿಂದ ಮತ್ತೆ ಹಿಡಿದಳು. ಎರಡು ಚಕ್ರದ ನಡುವೆ ಅಳೆದಳು. ನನ್ನ ಮೆಟ್ಟಿಲನ್ನೂ ಬಿಡಲಿಲ್ಲ. ಅಳೆದದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡಳು.

ನಾನು ಹೋಗಿ ಹಿಂದೆ ನಿಂತೆ.

"ಏನೇ, ಜೀಪಿಗೂ ರವಿಕೆ ಹೊಲೀತೀಯಾ?"

ಅವಳು ಬೆಚ್ಚಿಬಿದ್ದಳು. "ಏನಿಲ್ಲ ಅತ್ತೆ, ಸುಮ್ನೆ."

"ತೋಳು ಉದ್ದ ಇಡು. ಚಳಿ ಜಾಸ್ತಿ."

ನಗಬೇಕಾದವಳು ನಗಲಿಲ್ಲ. ಚೀಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಅಲ್ಲಿಗೆ ನನಗೆ ಖಾತ್ರಿಯಾಯಿತು.

ಟೇಪು ಎಂದರೆ ಏನೆಂದು ತೋಟದವರಿಗೆ ಗೊತ್ತು. ನಮ್ಮಲ್ಲಿ ಯಾವುದಕ್ಕೆ ಟೇಪು ಬೀಳುತ್ತದೋ ಅದು ಹೋಗುತ್ತದೆ. ಮರದ ವ್ಯಾಪಾರಿ ಬರುತ್ತಾನೆ, ಸಿಲ್ವರ್ ಮರದ ಸೊಂಟಕ್ಕೆ ಟೇಪು ಸುತ್ತುತ್ತಾನೆ, ಚೀಟಿಯಲ್ಲಿ ಬರೆಯುತ್ತಾನೆ, ಮರದ ಮೇಲೆ ಬಣ್ಣದಲ್ಲಿ ನಂಬರು ಹಾಕುತ್ತಾನೆ. ಮುಂದಿನ ವಾರ ಅಲ್ಲಿ ಬರೀ ಬೊಡ್ಡೆ. ಗಂಡ ಇದ್ದಾಗ ಒಬ್ಬ ಹಾಗೆ ಬಂದಿದ್ದ. ಮಾತಾದದ್ದು ಹನ್ನೆರಡು ಮರಕ್ಕೆ. ಸಂಜೆ ನಾನು ಸೌದೆಗೆ ಹೋದಾಗ ಹದಿಮೂರನೆಯದಕ್ಕೂ ನಂಬರು ಬಿದ್ದಿತ್ತು. ತಿರುವಿನ ಅಂಚಿನ ಮರ. ಅದಕ್ಕೆ ನಾನೇ ಮೆಣಸಿನ ಬಳ್ಳಿ ಹಬ್ಬಿಸಿದ್ದೆ. ಕತ್ತಿಯಲ್ಲಿ ನಂಬರನ್ನು ಕೆರೆದು ಹಾಕಿದೆ, ಮೇಲೆ ಸಗಣಿ ಬಳಿದೆ. ಬೆಳಿಗ್ಗೆ ಮರ ಕಡಿಯುವವರು ಅದನ್ನು ಬಿಟ್ಟು ಹೋದರು. ಈ ಡಿಸೆಂಬರಿನಲ್ಲಿ ಜೀಪನ್ನು ಹಿಡಿದು ನಿಲ್ಲಿಸಿದ್ದು ಅದೇ ಮರ. ಆ ಸಂಜೆ ನಾನು ವ್ಯಾಪಾರಿಯನ್ನು ನಂಬಿದ್ದರೆ ಇವತ್ತು ನನಗೆ ಮಗ ಇರುತ್ತಿರಲಿಲ್ಲ. ಹೀಗಿರುವಾಗ ಟೇಪು ಕಂಡೂ ಸುಮ್ಮನಿರು ಎಂದರೆ ಹೇಗೆ?

ಅವತ್ತೇ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಬೀರುವಿನಿಂದ ಜೀಪಿನ ಆರ್.ಸಿ. ಪುಸ್ತಕ ತೆಗೆದೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಕ್ಕಿ ಡಬ್ಬದ ತಳದಲ್ಲಿಟ್ಟೆ. ಕೀಲಿಯನ್ನು ಸೊಂಟಕ್ಕೆ ಕಟ್ಟಿಕೊಂಡೆ. ಕಾಗದವಿಲ್ಲದೆ ಮಾರಲಿ ನೋಡೋಣ.

ಮಾರನೆಯ ದಿನ ಸೊಸೆ ಜೀಪಿನ ಫೋಟೋ ತೆಗೆದಳು. ಮುಂದಿನಿಂದ, ಹಿಂದಿನಿಂದ, ಮೆಟ್ಟಿಲಿಗೆ ಬಗ್ಗಿ, ಮೇಲಿನ ಟಾರ್ಪಾಲು ಹೊದಿಕೆಯ ತೇಪೆಗೆ ಬೇರೆ. ಎಡಮಗ್ಗುಲ ನೆಗ್ಗಿನದು ಮಾತ್ರ ತೆಗೆಯಲೇ ಇಲ್ಲ. ಸಂಜೆ ಕೋಣೆಯ ಬಾಗಿಲಾಚೆ ಮಗ ಫೋನಿನಲ್ಲಿ ಹೇಳುತ್ತಿದ್ದ:

"ನೆಗ್ಗು ಕಾಣೋದು ಬೇಡ. ಅದನ್ನ ತೆಗ್ದುಬಿಡು. ಮೊದ್ಲು ಹೆಂಗಿತ್ತೋ ಹಂಗೇ ಇರ್ಲಿ."

ಮಾರುವುದಲ್ಲದೆ ಮೋಸ ಮಾಡಿ ಮಾರುವುದು! ಕುರಿ ಮಾರುವವನೂ ಕುಂಟುಗಾಲು ತೋರಿಸಿ ಮಾರುತ್ತಾನೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನಿಗೆ ಇದನ್ನು ಯಾರು ಕಲಿಸಿದರು ಎಂದು ಯೋಚಿಸಿದೆ. ಸೊಸೆಯ ತವರಿನವರನ್ನು ಒಬ್ಬೊಬ್ಬರನ್ನಾಗಿ ನೆನೆದೆ. ಯಾರ ಮೇಲೂ ಪೂರ್ತಿ ಅನುಮಾನ ಕೂರಲಿಲ್ಲ. ಪೂರ್ತಿ ಬಿಡಲೂ ಇಲ್ಲ.

ಆ ವಾರದ ಶನಿವಾರ ನನ್ನ ಸಂತೆಯ ಹೊತ್ತಿನಲ್ಲೇ ಗುರುತಿಲ್ಲದ ಗಂಡಸೊಬ್ಬ ಬೈಕನ್ನು ಕೆಳಗೇ ಬಿಟ್ಟು ಏದುಸಿರು ಬಿಡುತ್ತಾ ನಡೆದು ಬಂದ. ಸೊಸೆ ಅವನಿಗೆ ಕಾಫಿ ಕೊಟ್ಟಳು. ಆಮೇಲೆ ನನ್ನ ಹತ್ತಿರ ಬಂದು, "ಅತ್ತೆ, ಜೀಪಿನ ಕೀ ನಿಮ್ಮತ್ರ ಇದ್ಯಾ? ಗ್ಯಾರೇಜಿಂದ ಬಂದವ್ರೆ, ಸ್ಟಾರ್ಟ್ ಮಾಡಿ ನೋಡ್ಬೇಕಂತೆ" ಎಂದಳು. ಕೊಡದಿದ್ದರೆ ಏನು ನಡೆಯುತ್ತದೆಂದು ನೋಡುವಂತಿಲ್ಲ. ಕೊಟ್ಟೆ. ಕೊಟ್ಟು ಹಿಂದೆಯೇ ಹೋದೆ.

ಗ್ಯಾರೇಜಿನವನಂತೆ! ಬಾನೆಟ್ ತೆರೆಯಲಿಲ್ಲ. ಒಂದು ಸ್ಪ್ಯಾನರ್ ಇಲ್ಲ. ಉಗುರಿನ ಸಂದಿಯಲ್ಲಿ ಎಣ್ಣೆಯ ಕಪ್ಪಿಲ್ಲ. ಟಯರಿಗೆ ಒಂದು ಒದೆ ಕೊಟ್ಟು ಹತ್ತಿ ಕೂತ. ಸ್ಟಾರ್ಟ್ ಮಾಡಿ ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ ಆಕ್ಸಿಲರೇಟರ್ ಒತ್ತಿದ. ಸೊಸೆ ಸೈಲೆನ್ಸರ್ ಹತ್ತಿರ ಕೂತು ಫೋನು ಹಿಡಿದಳು. ದೂರದಲ್ಲಿರುವ ಇನ್ಯಾವನೋ ತಗೊಳ್ಳುವವನಿಗೆ ಸದ್ದು ಕೇಳಿಸುತ್ತಿದ್ದಾಳೆ ಎಂದುಕೊಂಡೆ.

ಅವನು ಇಳಿಯುತ್ತಾ, "ಅಜ್ಜಿ, ಗಾಡಿ ಹಳೇದಾದ್ರೂ ಇಂಜಿನ್ ಒಳ್ಳೆದುಂಟು" ಎಂದ.

"ಇಂಜಿನ್ ಒಳ್ಳೇದೇ. ಬ್ರೇಕ್ ಹಿಡಿಯಲ್ಲ" ಎಂದೆ.

ಅವನು ತಿರುಗಿ ನೋಡಿದ. "ಬ್ರೇಕಾ? ನಾನೇ ನೋಡಿದ್ದೇನೆ ಅಜ್ಜಿ. ಬ್ರೇಕಿಗೆ ಏನೂ ಆಗ್ಲಿಲ್ಲ."

"ನಿಂಗೇನಪ್ಪ ಗೊತ್ತು? ನನ್ನ ಮಗನ್ನೇ ಕೊಲ್ಲಕ್ಕೆ ಹೊರಟಿತ್ತು ಇದು. ಬ್ರೇಕ್ ಒತ್ತಿದ್ರೆ ಹಿಡೀಲೇ ಇಲ್ಲ. ಇದನ್ನ ತಗೊಂಡೋನು ಹೆಂಡ್ತಿ ಮಕ್ಕಳಿಗೆ ಹೇಳಿಯೇ ತಗೊಳ್ಲಿ."

ಸುಳ್ಳು. ಬ್ರೇಕಿನ ಮಾತನ್ನು ಮಗ ಯಾವತ್ತೂ ಹೇಳಿರಲಿಲ್ಲ. ಬಂದವನನ್ನು ಓಡಿಸಲು ನನಗೆ ಸಿಕ್ಕಿದ ಕಲ್ಲು ಅದು, ಎಸೆದೆ. ಅವನು ಸೊಸೆಯ ಮುಖ ನೋಡಿದ. ಸೊಸೆ ಕೋಣೆಯ ಕಿಟಕಿ ನೋಡಿದಳು. ಕಿಟಕಿಯಲ್ಲಿ ಮಗ ನಿಂತಿದ್ದ. ಅವನು ಕಿಟಕಿಯ ಬಾಗಿಲು ಎಳೆದುಕೊಂಡ.

ಆಮೇಲೆ ಐದು ದಿನ ಮಗ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ವ್ಯಾಪಾರ ಮುರಿದ ಸಿಟ್ಟು ಎಂದುಕೊಂಡು ನಾನೂ ಆಡಿಸಲಿಲ್ಲ. ಒಳಗೊಳಗೆ ಸಮಾಧಾನವೇ ಆಗಿತ್ತು.

ಶುಕ್ರವಾರ ಮಧ್ಯಾಹ್ನ ಸೊಸೆ ಕೆಳಗಿನ ತೋಟದಲ್ಲಿ ಕೊಯ್ಲಿನವರ ಜೊತೆ ಇದ್ದಳು. ನಾನು ಕಣದಲ್ಲಿ ಕಾಫಿ ಸರಿ ಮಾಡುತ್ತಿದ್ದೆ. ಜೀಪಿನ ಸದ್ದು ಕೇಳಿತು. ನಮ್ಮ ಜೀಪಿನದೇ. ಮೊದಲು ಕೆಮ್ಮಿ, ಆಮೇಲೆ ಗೊರಗೊರ ಎಂದು ಗಂಟಲು ಕಟ್ಟಿದವರ ಹಾಗೆ ಎಳೆಯುವ ಸದ್ದು. ಇಪ್ಪತ್ತು ಜೀಪಿನ ನಡುವೆಯೂ ನನಗೆ ಗೊತ್ತಾಗುತ್ತದೆ. ಕಾಗದವಿಲ್ಲದೆಯೇ ಒಯ್ಯುತ್ತಿದ್ದಾರೆ ಎಂದು ಕಾಫಿ ಎಳೆಯುತ್ತಿದ್ದ ಗೋರುಮಣೆ ಹಿಡಿದೇ ಶೆಡ್ಡಿಗೆ ಓಡಿದೆ.

ಜೀಪು ಶೆಡ್ಡಿನಲ್ಲೇ ಇತ್ತು. ಬಾನೆಟ್ ಮೇಲೆ ಕೈಯಿಟ್ಟೆ. ತಣ್ಣಗಿತ್ತು. ಮೇಲೆ ಕೋಳಿ ಕೂತಿತ್ತು. ಸದ್ದು ಮಾತ್ರ ಇನ್ನೂ ಬರುತ್ತಿತ್ತು, ಮನೆಯ ಒಳಗಿನಿಂದ.

ಮೊಮ್ಮಗಳ ಕೋಣೆಯ ಬಾಗಿಲನ್ನು ಗೋರುಮಣೆಯ ಹಿಡಿಯಿಂದ ಗುದ್ದಿದೆ. ಅವಸರದಲ್ಲಿ ಚಿಲಕ ಸರಿಯಾಗಿ ಹಾಕಿರಲಿಲ್ಲ ಎಂದು ಕಾಣುತ್ತದೆ, ತೆರೆಯಿತು.

ಮಗ ಕಂಪ್ಯೂಟರಿನ ಮುಂದೆ ಕೂತಿದ್ದ. ಊಟದ ತಟ್ಟೆಯಗಲದ ಸ್ಟಿಯರಿಂಗನ್ನು ಮೇಜಿನ ಅಂಚಿಗೆ ಬಿಗಿದಿದ್ದ. ಕಾಲ ಕೆಳಗೆ ಕ್ಲಚ್ಚು, ಬ್ರೇಕು, ಆಕ್ಸಿಲರೇಟರಿನಂಥ ಮೂರು ತುಂಡು. ಪರದೆಯಲ್ಲಿ ನಮ್ಮ ಜೀಪು ಓಡುತ್ತಿತ್ತು. ಆಚೀಚೆ ಕೆಂಪು ಹಳದಿ ಕಾರುಗಳು ಅದನ್ನು ದಾಟಿಕೊಂಡು ಹಾರಿ ಹೋಗುತ್ತಿದ್ದವು. ನಮ್ಮದು ಎಲ್ಲರಿಗಿಂತ ಹಿಂದೆ ಗೊರಗೊರ ಎಂದು ಹತ್ತುತ್ತಿತ್ತು. ಅದೇ ಮಾಸಿದ ಹಸಿರು, ಅದೇ ನಂಬರು, ಹೊದಿಕೆಯ ಮೇಲೆ ಅದೇ ತೇಪೆ. ಎಡಬಾಗಿಲ ಕೆಳಗೆ ಹಾರೆಯ ಮೆಟ್ಟಿಲು.

ನನ್ನನ್ನು ಕಂಡು ಅವನು ಸ್ಟಿಯರಿಂಗ್ ಬಿಟ್ಟ. ಪರದೆಯ ಜೀಪು ಹೋಗಿ ಬಂಡೆಗೆ ಗುದ್ದಿತು.

"ಇದೆಂತ?" ಎಂದೆ.

"ಆಟ ಅವ್ವ. ಕಾರ್ ರೇಸಿಂದು." ಕಳ್ಳ ಸಿಕ್ಕಿಬಿದ್ದ ಮುಖ. "ಅದ್ರಲ್ಲೇ ಒಂದು ಜೀಪ್ ಇರ್ತದೆ. ಅದನ್ನ ಹಿಗ್ಗಿಸಿ ಕುಗ್ಗಿಸಿ ನಮ್ದರ ಹಂಗೇ ಮಾಡ್ಬೋದು. ಅಳತೆ, ಫೋಟೋ ಎಲ್ಲ ಕಳಿಸ್ದೆ. ಮಗಳು ಹಾಸ್ಟೆಲಲ್ಲಿ ಕೂತು ಮಾಡಿ ಕಳಿಸಿದ್ಲು. ಸದ್ದು ಹಿಡ್ಕೊಳ್ಳೋಕೆ ಗ್ಯಾರೇಜಿನವ್ನನ್ನ ಕರ್ಸಿದ್ದೆ. ನಂಗೆ..." ಎಂದು ನಿಲ್ಲಿಸಿದ.

"ಮತ್ತೆ ಮಾರೋದು?"

"ಎಂತದನ್ನ?"

"ಜೀಪನ್ನ."

ಅವನು ನನ್ನನ್ನು, ಕೈಯಲ್ಲಿದ್ದ ಗೋರುಮಣೆಯನ್ನು ನೋಡಿದ. "ಅದನ್ನ ಯಾರು ತಗೋತಾರೆ ಅವ್ವ? ಅದಕ್ಕೇನಾ ಆರ್.ಸಿ. ಬುಕ್ಕು ಕಾಣ್ತಿಲ್ಲ? ಅವ್ಳು ಇನ್ಶೂರೆನ್ಸಿಗೆ ಬೇಕೂಂತ ಮೂರು ದಿನದಿಂದ ಹುಡುಕ್ತಾ ಅವ್ಳೆ."

"ಅಕ್ಕಿ ಡಬ್ಬದಲ್ಲಿದೆ" ಎಂದೆ. "ನೀವ್ಯಾಕೆ ಹೇಳ್ಲಿಲ್ಲ?"

"ಕೊಯ್ಲಿನ ಟೈಮಲ್ಲಿ ಆಟ ಆಡ್ತಾ ಕೂತವ್ನೆ ಅಂದ್ರೆ ನೀನು ಬಿಡ್ತಿದ್ಯಾ?"

ಬಿಡುತ್ತಿರಲಿಲ್ಲ. ಆ ಮಾತು ಸರಿ.

ಅಷ್ಟಕ್ಕೇ ಎದ್ದು ಬರಬಹುದಿತ್ತು. ಆದರೆ ನನಗೆ ಇನ್ನೂ ಪೂರ್ತಿ ನಂಬಿಕೆ ಬಂದಿರಲಿಲ್ಲ. ಮೊಮ್ಮಗಳ ಮಂಚದ ಮೇಲೆ ಕೂತು, "ಓಡ್ಸು, ನೋಡ್ತೀನಿ" ಎಂದೆ. ಅವನು ಒಂದು ಗುಂಡಿ ಒತ್ತಿದ. ಬಂಡೆಗೆ ಗುದ್ದಿದ್ದ ಜೀಪು ಎದ್ದು ರಸ್ತೆಗೆ ಬಂತು. ಒಂದು ಗೀರೂ ಇಲ್ಲ. ಮುಂದೆ ತಿರುವು ಬಂತು, ಎಡಕ್ಕೆ ಇಳಿಜಾರು. ನಮ್ಮದಲ್ಲ, ಯಾವ ದೇಶದ್ದೋ. ತಿರುವು ಹತ್ತಿರವಾದಂತೆ ಅವನ ಬಲಗಾಲು ಹಿಂದಕ್ಕೆ ಸರಿಯಿತು. ಬ್ರೇಕಿನ ಮೇಲೆ ಹೋಗಬೇಕಾದ ಕಾಲು ನೆಲದ ಮೇಲೆ ನಿಂತಿತು. ಜೀಪು ಅಂಚು ದಾಟಿ ಬಿತ್ತು. ಗುಂಡಿ ಒತ್ತಿದ. ಮತ್ತೆ ರಸ್ತೆ, ಮತ್ತೆ ಅದೇ ತಿರುವು, ಮತ್ತೆ ಬಿತ್ತು. ನಾಲ್ಕು ಸಲ ನೋಡಿದೆ.

"ಎಡಗಡೆ ನೆಗ್ಗು ಎಲ್ಲಿ?" ಎಂದೆ.

"ಹಾಕ್ಸಿಲ್ಲ."

"ತೇಪೆ ಹಾಕ್ಸಿದ್ದೀಯ. ಮೆಟ್ಟಿಲು ಹಾಕ್ಸಿದ್ದೀಯ. ನೆಗ್ಗು ಯಾಕಿಲ್ಲ?"

ಅವನು ಪರದೆಯನ್ನೇ ನೋಡುತ್ತಿದ್ದ. "ಅವತ್ತು ಗ್ಯಾರೇಜಿನವ್ನ ಹತ್ರ ಹೇಳ್ದೆಯಲ್ಲ, ಬ್ರೇಕ್ ಹಿಡೀಲಿಲ್ಲ ಅಂತ" ಎಂದ. "ಹಿಡೀತಿತ್ತು ಅವ್ವ. ನಾನು ಒತ್ತಲೇ ಇಲ್ಲ. ಗೇರ್ ತಪ್ತು. ಹಿಂದೆ ಹೋಗ್ತಾ ಇದ್ದೀನಿ ಅಂತ ಗೊತ್ತು. ಕಾಲು ಏಳ್ಲಿಲ್ಲ. ಆ ಹೆಂಗಸ್ರು ಇಳೀದೇ ಇದ್ದಿದ್ರೆ?"

"ಇಳಿದ್ರಲ್ಲ."

"ಇಳೀದೇ ಇದ್ದಿದ್ರೆ?"

ಬೆನ್ನು ಸವರಿ ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಅವನಿಗೂ ಅದು ಬೇಕಿರಲಿಲ್ಲ.

"ಇಲ್ಲಿ ಬಿದ್ರೆ ಗುಂಡಿ ಒತ್ತಿದ್ರಾಯ್ತು, ಎದ್ದು ಬರ್ತದೆ" ಎಂದೆ.

"ಹೂಂ."

"ಎಷ್ಟು ಸಲ ಬಿದ್ದಿದ್ದೀಯ?"

"ಲೆಕ್ಕ ಇಟ್ಟಿಲ್ಲ."

"ಎಷ್ಟು ಸಲ ದಾಟಿದ್ದೀಯ?"

ಅವನು ಮತ್ತೆ ಗುಂಡಿ ಒತ್ತಿದ. ದಾಟಿರಲಿಲ್ಲ. ಅಷ್ಟು ದಿನ ಬಾಗಿಲು ಹಾಕಿಕೊಂಡು ಕೂತು ಒಂದು ಸಲವೂ ದಾಟಿರಲಿಲ್ಲ. ಬಿದ್ದರೆ ಎದ್ದು ಬರುತ್ತದೆ ಎಂದಿದ್ದರೆ ಬ್ರೇಕಿಗೆ ಕಾಲು ಹೋಗುವುದಾದರೂ ಯಾಕೆ? ಇದು ನನಗೆ ಅಲ್ಲಿ ಕೂತೇ ಹೊಳೆಯಿತು.

ಏಳುತ್ತಾ, "ನಾಳೆ ಶನಿವಾರ" ಎಂದೆ.

"ಪಕ್ಕದ ತೋಟದ ಡ್ರೈವರ್‌ಗೆ ಹೇಳ್ತೀನಿ. ನಿನ್ನ ಕೆಳಗೆ ಬಿಡ್ತಾನೆ."

"ಅವ್ನು ನನ್ನ ಮಗ ಅಲ್ಲ" ಎಂದು ಹೇಳಿ ಕಣಕ್ಕೆ ಹೋದೆ. ಮೋಡ ಕವಿಯುತ್ತಿತ್ತು, ಕಾಫಿಯನ್ನು ರಾಶಿ ಮಾಡಬೇಕಿತ್ತು.

ಸೊಸೆ ತೋಟದಿಂದ ಬಂದಾಗ ಅವಳ ಮುಂದೆಯೇ ಅಕ್ಕಿ ಡಬ್ಬಕ್ಕೆ ಕೈ ಹಾಕಿ ಪುಸ್ತಕ ತೆಗೆದುಕೊಟ್ಟೆ. ಅವಳು ಅದಕ್ಕೆ ಅಂಟಿದ ಅಕ್ಕಿಯನ್ನು ಕೊಡವುತ್ತಾ, "ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ರು ಅತ್ತೆ" ಎಂದಳು. ಅವಳ ತವರಿನವರ ಮೇಲೆ ನಾನು ಪಟ್ಟ ಅನುಮಾನದ ಸುದ್ದಿಯನ್ನು ಅವಳಿಗೆ ಹೇಳಲಿಲ್ಲ. ಈಗ ಓದಿದರೆ ತಿಳಿಯುತ್ತದೆ. ತಿಳಿಯಲಿ.

ಮರುದಿನ ಬೆಳಿಗ್ಗೆ ಆರಕ್ಕೇ ಸೂಜಿಮೆಣಸಿನ ಬುಟ್ಟಿ, ಹೇರಳೆಕಾಯಿ ಚೀಲ, ಗೋಣಿತಾಟು ಎಲ್ಲವನ್ನೂ ಜೀಪಿನ ಹಿಂದೆ ಹಾಕಿದೆ. ಕೋಳಿಯನ್ನು ಓಡಿಸಿ, ಮೆಟ್ಟಿಲು ಹತ್ತಿ ಕೂತು, ಆಚೆ ಬಗ್ಗಿ ಹಾರ್ನ್ ಒತ್ತಿದೆ. ಒತ್ತಿದ ಕೈ ತೆಗೆಯಲಿಲ್ಲ. ಮಗ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಹೊರಗೆ ಬಂದ. "ಬಸ್ಸು ತಪ್ತದೆ" ಎಂದು, ಸೊಸೆಯಿಂದ ಇಸಿದುಕೊಂಡಿದ್ದ ಕೀಲಿಯನ್ನು ಅವನ ಸೀಟಿನ ಮೇಲೆ ಎಸೆದೆ. ಅವನು ಬಾಯಿ ತೊಳೆದು ಬಂದು ಜೀಪಿಗೆ ಒಂದು ಸುತ್ತು ಹಾಕಿದ. ಆಮೇಲೆ ಹತ್ತಿದ. ಮೊದಲ ಗೇರಿನಲ್ಲೇ ಇಳಿಸಿಕೊಂಡು ತಿರುವಿನವರೆಗೆ ಬಂದು ನಿಲ್ಲಿಸಿದ. ಮರ ಎದುರಿಗೇ ಇತ್ತು, ತೊಗಟೆ ಕಿತ್ತ ಜಾಗ ಇನ್ನೂ ಬೆಳ್ಳಗಿತ್ತು.

"ಅವ್ವ, ಇಳಿ" ಎಂದ. "ದಾಟಿಸಿ ನಿಲ್ಲಿಸ್ತೀನಿ."

ನಾನು ಇಳಿಯಲಿಲ್ಲ. ಸಂಚಿ ಬಿಚ್ಚಿ ಎಲೆ ತೆಗೆದು, ಅದಕ್ಕೆ ಸುಣ್ಣ ಹಚ್ಚುತ್ತಾ ಕೂತೆ.